ಅಕ್ಕನ ಸೀರೆಯಲ್ಲಿ ತೆಗೆದುಕೊಂಡ ಫೋಟೋ

ಅಕ್ಕ ತೀರಿಕೊಂಡಾಗ ನಮ್ಮ ಮನೆಯಲ್ಲಿ ಅವಳದೊಂದು ಸರಿಯಾದ ಫೋಟೋ ಇರಲಿಲ್ಲ. ಮದುವೆಯದು ಒಂದಿತ್ತು. ಅದರಲ್ಲಿ ಅವಳು ತಲೆ ಬಗ್ಗಿಸಿ ನಿಂತಿದ್ದಾಳೆ. ಹಣೆಗೆ ಕಟ್ಟಿದ ಬಾಸಿಂಗದ ಕೆಳಗೆ ಮೂಗಿನ ತುದಿಯೊಂದೇ ಕಾಣುತ್ತದೆ. ಮದುಮಗಳು ಮುಖ ಎತ್ತಬಾರದೆಂದು ಹಿರಿಯರು ಹಿಂದೆ ನಿಂತು ಹೇಳುತ್ತಲೇ ಇದ್ದರು. ಫೋಟೋದವನು ಎರಡು ಸಲ ಕೇಳಿಕೊಂಡು ಸುಮ್ಮನಾದ.

ಇನ್ನೊಂದು ಅವಕಾಶ ಕುಬಸದ ದಿನ, ಅಂದರೆ ಸೀಮಂತದಂದು, ಬಂದಿತ್ತು. ಏಳು ತಿಂಗಳ ಬಸುರಿ ಅಕ್ಕ ಹೊಸ ಸೀರೆ ಉಟ್ಟು, ಜಡೆಯ ತುಂಬ ಹೂ ಮುಡಿದು, ಸ್ಟೇಷನ್ ರಸ್ತೆಯ ಸ್ಟುಡಿಯೋಕ್ಕೆ ಹೋಗಿ ಬರೋಣವೆಂದು ಕೇಳಿದಳು. ಅವ್ವ ಒಪ್ಪಲಿಲ್ಲ.

"ಬಸುರಿದ್ದಾಗ ಫೋಟೋ ತೆಗಿಸಿದ್ರ ಆಯುಷ್ಯ ಕಡಿಮಿ ಆಗ್ತದಂತ. ಹಡದ ಮ್ಯಾಲ ಕೂಸಿನ ತೊಡಿ ಮ್ಯಾಲ ಹಾಕ್ಕೊಂಡು ತೆಗಿಸು, ಎಷ್ಟು ಬೇಕಷ್ಟು."

"ಆವಾಗ ನನ್ನ ಯಾರು ನೋಡ್ತಾರ, ಎಲ್ಲಾರೂ ಕೂಸಿಗೇ ನೋಡ್ತಾರ" ಎಂದು ಅಕ್ಕ ನಕ್ಕಳು. ಹೆಚ್ಚು ಹಟ ಮಾಡಲಿಲ್ಲ. ಹಟ ಮಾಡುವುದು ಅವಳಿಗೆ ಬರುತ್ತಿರಲಿಲ್ಲ.

ಹೆಣ್ಣು ಹುಟ್ಟಿತು. ಹನ್ನೊಂದನೆಯ ದಿನ ಜ್ವರದಲ್ಲಿ ಅಕ್ಕ ಹೋದಳು. ನಾನು ಆಗ ಧಾರವಾಡದಲ್ಲಿ ಎಂ.ಎ. ಪರೀಕ್ಷೆ ಬರೆಯುತ್ತಿದ್ದೆ. ಸುದ್ದಿ ತಿಳಿದು ಶಹಾಬಾದಿಗೆ ಬಂದು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದು, ಅಂಗಳ ತೊಳೆದಿದ್ದರು. ಅವಳ ಮುಖವನ್ನು ಕೊನೆಯ ಸಲ ನೋಡದೇ ಉಳಿದವಳು ಮನೆಯಲ್ಲಿ ನಾನೊಬ್ಬಳೇ.

ಕೂಸು ನಮ್ಮಲ್ಲೇ ಬೆಳೆಯಿತು. ನನಗೆ ಚಿಗವ್ವ ಎನ್ನುವುದನ್ನು ಕಲಿಯಿತು, ಅವ್ವನಿಗೆ ಅವ್ವ ಎಂದೇ ಕರೆಯಿತು. ಎರಡೂವರೆ ವರ್ಷವಾದಾಗ ಸೇಡಂನಿಂದ ಭಾವನ ಕಾಗದ ಬಂತು. ಅವರು ಆ ವರ್ಷ ಮತ್ತೆ ಮದುವೆಯಾಗಿದ್ದರು. ಹೊಸ ಹೆಂಡತಿಯೇ ಮಗುವನ್ನು ಕರೆತನ್ನಿ ಎಂದಿದ್ದಾಳೆ, ಮುಂದಿನ ತಿಂಗಳ ಮೊದಲ ರವಿವಾರ ಬರುತ್ತೇನೆ, ನೀವು ಬೇಡವೆಂದರೆ ಒತ್ತಾಯವಿಲ್ಲ ಎಂದು ಬರೆದಿದ್ದರು. ಬೇಡವೆನ್ನಲು ನಮಗೆ ಕಾರಣವಿರಲಿಲ್ಲ. ಅವರು ಒಳ್ಳೆಯ ಮನುಷ್ಯ, ಮಗು ಅವರದು. ಅಪ್ಪ ಕಾಗದವನ್ನು ಓದಿ ಹೇಳಿ, ಮಡಚಿ ಗೂಡಿನಲ್ಲಿಟ್ಟು, ವಾಡಿಗೆ ಹೋಗುವ ರೈಲುಗಾಡಿಗೆ ಹೊತ್ತಾಯಿತೆಂದು ಹೊರಟರು. ವಾಡಿ ಸ್ಟೇಷನ್ನಿನಲ್ಲಿ ಅವರ ಕೆಲಸ. ಅಕ್ಕ ಹೋದ ಮೇಲೆ ಅವರು ಅವಳ ಹೆಸರು ಹೇಳಿದ್ದನ್ನು ನಾನು ಕೇಳಿಲ್ಲ.

ಅವ್ವ ಮಾತ್ರ ಅಂದಿನಿಂದ ಒಂದೇ ಮಾತು ಹಿಡಿದಳು.

"ಅಕಿ ಅವ್ವನ ಮಾರಿ ಒಂದು ಸಲಾನೂ ನೋಡದ ಕೂಸಿಗಿ ಹೆಂಗ ಕಳಸಲಿ? ನಾಳಿ ದೊಡ್ಡಾಕಿ ಆಗಿ ನಮ್ಮವ್ವ ಹೆಂಗಿದ್ಳು ಅಂತ ಕೇಳಿದ್ರ ಏನ್ ತೋರಸ್ತಾರ? ಬಾಸಿಂಗ ತೋರಸ್ತಾರ? ಮೂಗು ತೋರಸ್ತಾರ?"

ಅವ್ವ ಒಂದು ದಿನ ಜೋಳ ಹಸನು ಮಾಡುತ್ತಾ ಕೂತವಳು ಮೊರವನ್ನು ಕೆಳಗಿಟ್ಟು ನನ್ನನ್ನೇ ನೋಡಿದಳು.

"ನೀ ಅಕಿ ಅಚ್ಚು ಅದಿ" ಎಂದಳು.

ಊರಲ್ಲಿ ಎಲ್ಲರೂ ಹಾಗೇ ಅನ್ನುತ್ತಿದ್ದರು. ಹಿಂದಿನಿಂದ ನೋಡಿ ನನ್ನನ್ನು ಅಕ್ಕನ ಹೆಸರಿನಿಂದ ಕೂಗಿದವರಿದ್ದರು. ಆದರೆ ಅವ್ವ ಏನು ಹೇಳುತ್ತಿದ್ದಾಳೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಅಕ್ಕನ ಸೀರೆ ಉಟ್ಟು, ಅಕ್ಕನ ಹಾಗೆ ತಲೆ ಬಾಚಿಕೊಂಡು ನಾನು ಒಂದು ಫೋಟೋ ತೆಗೆಸಿಕೊಳ್ಳಬೇಕು. ಅದನ್ನು ಅಕ್ಕನದೆಂದು ಮಗುವಿನ ಜೊತೆ ಕಳಿಸಬೇಕು.

"ಸುಳ್ಳಾಗ್ತದಲ್ಲ ಯವ್ವ" ಎಂದೆ.

"ಏನೂ ಇಲ್ಲದಕಿಂತ ಛಲೋ ಅದ. ಅವತ್ತು ನಾ ಬ್ಯಾಡ ಅನ್ನದೇ ಇದ್ರ ಇವತ್ತು ಖರೇದೇ ಇರ್ತಿತ್ತು."

ಕುಬಸದ ದಿನವನ್ನು ಅವಳು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಆಮೇಲೆ ನಾನು ವಾದಿಸಲಿಲ್ಲ.

ಸ್ಟುಡಿಯೋಕ್ಕೆ ಹೋಗುವಂತಿರಲಿಲ್ಲ. ಸತ್ತವಳ ಸೀರೆಯುಟ್ಟು ಪೇಟೆಯಲ್ಲಿ ನಡೆದು ಹೋದರೆ ಅದನ್ನು ಗುರುತಿಸುವ ಹೆಂಗಸರು ದಾರಿಯುದ್ದಕ್ಕೂ ಇದ್ದರು. ಆದರೆ ನನ್ನ ಬಳಿ ಒಂದು ಕ್ಯಾಮೆರಾ ಇತ್ತು. ನಾನು ಸಂಶೋಧನೆಗೆ ಸೇರಿದ್ದೆ. ಸನ್ನತಿ ಮತ್ತು ಸುತ್ತಲಿನ ಊರುಗಳಲ್ಲಿ ಬಯಲಿಗೆ ಬಿದ್ದ ಕೆತ್ತನೆಯ ಕಲ್ಲುಗಳ ಚಿತ್ರ ತೆಗೆಯಲು ವಿಭಾಗದವರು ಅದನ್ನು ಕೊಟ್ಟಿದ್ದರು. ಮೇಲಿನಿಂದ ಬಗ್ಗಿ ನೋಡುವ ಪೆಟ್ಟಿಗೆಯಂಥ ಕ್ಯಾಮೆರಾ, ಮೂರು ಕಾಲಿನ ಸ್ಟ್ಯಾಂಡು. ರೋಲಿನಲ್ಲಿ ಹನ್ನೆರಡು ಚಿತ್ರ. ನಾಲ್ಕು ಕಲ್ಲುಗಳಿಗೆ ಮುಗಿದಿದ್ದವು, ಎಂಟು ಉಳಿದಿದ್ದವು. ಅದರಲ್ಲಿ ಒಂದು ಸಣ್ಣ ಸನ್ನೆಯಿತ್ತು. ಅದನ್ನು ಎಳೆದು ಗುಂಡಿ ಒತ್ತಿದರೆ ಹತ್ತು ಎಣಿಸುವಷ್ಟು ಹೊತ್ತು ದುಂಬಿಯಂತೆ ಗುಂಯ್‌ಗುಟ್ಟಿ ತಾನೇ ಚಿತ್ರ ತೆಗೆಯುತ್ತಿತ್ತು. ಅಲ್ಲಿಯವರೆಗೆ ನಾನು ಅದನ್ನು ಉಪಯೋಗಿಸಿರಲಿಲ್ಲ.

"ಸ್ಟುಡಿಯೋದಾಗ ತೆಗಿಸಿದಂಗೇ ಇರಬೇಕು ನೋಡು" ಎಂದು ಅವ್ವ ಮೊದಲೇ ಹೇಳಿದಳು. "ಮನ್ಯಾಗಿಂದು ಅಂತ ಗೊತ್ತಾದ್ರ ಯಾರು ತೆಗದ್ರು, ಯಾವಾಗ ತೆಗದ್ರು, ಹತ್ತು ಪ್ರಶ್ನಿ ಹುಟ್ಟತಾವ."

ಒಂದು ಗುರುವಾರ ಅಪ್ಪ ಕೆಲಸಕ್ಕೆ ಹೋದ ಮೇಲೆ ಬಾಗಿಲು ಹಾಕಿಕೊಂಡೆವು. ನಮ್ಮ ಮನೆಯ ಗೋಡೆಗಳು ಫರಸಿ ಕಲ್ಲಿನವು, ನೆಲವೂ ಅದೇ. ಗೋಡೆಯ ಸಂದುಗಳು ಚಿತ್ರದಲ್ಲಿ ಕಂಡರೆ ಮನೆಯೆಂದು ಯಾರಿಗಾದರೂ ತಿಳಿಯುತ್ತದೆ. ಅದಕ್ಕೆ ಅಪ್ಪನ ಬೂದಿ ಬಣ್ಣದ ಕಂಬಳಿಯನ್ನು ನಾಲ್ಕು ಮೊಳೆಗೆ ಎಳೆದು ಕಟ್ಟಿದೆ. ಕಿಟಕಿಯ ಬೆಳಕು ಎಡದಿಂದ ಬರುತ್ತಿತ್ತು. ಕಲ್ಲಿಗೆ ಅಂಥ ಅಡ್ಡ ಬೆಳಕು ಒಳ್ಳೆಯದು, ಅಳಿಸಿಹೋದ ಗೆರೆಯೂ ಎದ್ದು ಕಾಣುತ್ತದೆ. ಮುಖಕ್ಕೆ ಅದು ಆಗದು, ಅರ್ಧ ಮುಖ ಕಪ್ಪಾಗುತ್ತದೆ. ಬಲಕ್ಕೆ ಹಗ್ಗ ಕಟ್ಟಿ ಬಿಳಿ ಧೋತರ ಹರಡಿದೆ. ಅದರಿಂದ ಬೆಳಕು ತಿರುಗಿ ಬಂದು ನೆರಳು ತಿಳಿಯಾಯಿತು. ಸ್ಟೂಲಿನ ಕಾಲುಗಳ ಸುತ್ತ ಸುಣ್ಣದ ಬಳಪದಿಂದ ಗುರುತು ಹಾಕಿದೆ. ಕ್ಯಾಮೆರಾದಿಂದ ಮುಖ ಎಷ್ಟು ದೂರವೆಂದು ಅಳೆಯಲು ಹೊಲಿಗೆ ದಾರದ ಒಂದು ತುದಿಯನ್ನು ಅವ್ವನ ಕೈಗೆ ಕೊಟ್ಟು ಗಾಜಿನ ಹತ್ತಿರ ಹಿಡಿಸಿದೆ, ಇನ್ನೊಂದು ತುದಿಯನ್ನು ನನ್ನ ಮೂಗಿಗೆ ಮುಟ್ಟಿಸಿಕೊಂಡೆ.

"ಅಂಗಿ ಅಳತಿ ತಗೊಂಡಂಗ ಮಾಡ್ಲಿಕತ್ತಿ" ಎಂದಳು ಅವ್ವ.

ಕ್ಯಾಮೆರಾದ ಹಿಂದೆ, ಸ್ವಲ್ಪ ಮೇಲೆ, ಗೋಡೆಯ ಕನ್ನಡಿಯನ್ನು ತೆಗೆದು ಡಬ್ಬಿಗಳ ಮೇಲೆ ನಿಲ್ಲಿಸಿದೆ. ಹಾಗೆ ಮಾಡದೆ ನನ್ನ ಗದ್ದ ಎಷ್ಟು ಮೇಲಿದೆ, ಸೆರಗು ಸರಿಯಿದೆಯೇ ಎಂದು ನನಗೆ ತಿಳಿಯುವಂತಿರಲಿಲ್ಲ.

ಅವ್ವ ಟ್ರಂಕಿನಿಂದ ಸೀರೆ ತೆಗೆದಳು. ಕುಬಸದ್ದೇ ಸೀರೆ, ಕಡುನೀಲಿ, ಕೆಂಪು ಅಂಚು. ಮೂರು ವರ್ಷ ಮಡಿಕೆಯಲ್ಲಿದ್ದು ಗೆರೆಗಳು ಗಟ್ಟಿಯಾಗಿ ಕೂತಿದ್ದವು. ಅದರ ಜೊತೆಯ ರವಿಕೆಯ ತೋಳು ನನಗೆ ಬಿಗಿ. ಅಕ್ಕ ನನಗಿಂತ ಸಣ್ಣಗಿದ್ದಳೆಂಬುದು ಆಗ ಹೊಸದಾಗಿ ಗೊತ್ತಾದ ಹಾಗಾಯಿತು. ನಾನು ಬೈತಲೆಯನ್ನು ಓರೆಯಾಗಿ ತೆಗೆಯುತ್ತೇನೆ, ಅಕ್ಕನದು ನಟ್ಟನಡುವೆ. ಅವ್ವ ಬಾಚಿ, ಮಗುವಿಗೆಂದು ಎತ್ತಿಟ್ಟಿದ್ದ ಓಲೆಗಳನ್ನು ಕಿವಿಗೆ ಹಾಕಿದಳು.

"ಮಚ್ಚಿ" ಎಂದಳು.

ಅಕ್ಕನ ಕೆನ್ನೆಯ ಮೇಲೆ ಎಳ್ಳಿನಷ್ಟು ಮಚ್ಚೆಯಿತ್ತು. ನಾನು ಕಡ್ಡಿಯ ತುದಿಗೆ ಕಾಡಿಗೆ ಹಚ್ಚಿಕೊಂಡು ಕನ್ನಡಿ ನೋಡಿ ಬಲಗೆನ್ನೆಯ ಮೇಲೆ ಇಟ್ಟುಕೊಂಡೆ. ಸನ್ನೆ ಎಳೆದು ಗುಂಡಿ ಒತ್ತಿ ಬಂದು ಕೂತೆ. ಮೊದಲನೆಯದು ಕೆಟ್ಟಿತು, ಕೂರುವ ಮೊದಲೇ ಟಿಕ್ ಎಂದಿತು. ಎರಡನೆಯದಕ್ಕೆ, ಗುಂಯ್ ಸದ್ದು ಕೇಳಿ ಖುಷಿಯಾದ ಮಗು ಒಳಗಿನಿಂದ ಓಡಿ ಬಂದು ನನ್ನ ಮೊಣಕಾಲು ಹಿಡಿಯಿತು. ಮೂರನೆಯದೂ ನಾಲ್ಕನೆಯದೂ ಸರಿಯಾಗಿಯೇ ಬಂದಿರಬೇಕೆಂದುಕೊಂಡೆ. ಅಷ್ಟರಲ್ಲಿ ಮಗುವನ್ನು ಎತ್ತಿಕೊಂಡು ಎದುರಿಗೆ ನಿಂತಿದ್ದ ಅವ್ವ ಹತ್ತಿರ ಬಂದಳು.

"ಏ, ಇದೇನು? ಅಕಿ ಮಚ್ಚಿ ಎಡಕ್ಕಿತ್ತು."

"ಇಲ್ಲ, ಬಲಕ್ಕ."

"ಹಡದಾಕಿ ನಾನು. ನನಗ ಹೇಳ್ತಿ?"

"ದಿನಾ ಅಕಿ ಕಡಿಂದ ತಲಿ ಬಾಚಿಸ್ಕೊಂಡಾಕಿ ನಾನು, ನನಗ ಗೊತ್ತಿಲ್ಲೇನು?"

ಅಂದ ಮೇಲೆ ನಾನೇ ಕನ್ನಡಿಯತ್ತ ತಿರುಗಿದೆ. ಹೈಸ್ಕೂಲಿಗೆ ಹೋಗುವಾಗ ಅಕ್ಕ ನನ್ನನ್ನು ಕನ್ನಡಿಯ ಮುಂದೆ ಕೂರಿಸಿ, ಹಿಂದೆ ನಿಂತು ಎರಡು ಜಡೆ ಹಾಕುತ್ತಿದ್ದಳು. ನಾನು ದಿನವೂ ಅವಳ ಮುಖವನ್ನು ನೋಡುತ್ತಿದ್ದದ್ದು ಕನ್ನಡಿಯಲ್ಲಿ, ನನ್ನ ತಲೆಯ ಮೇಲೆ. ಕನ್ನಡಿಯೊಳಗಿನವಳ ಬಲಗೆನ್ನೆಯಂತೆ ಕಂಡದ್ದು ನಿಜದಲ್ಲಿ ಎಡಗೆನ್ನೆಯಾಗಿರುತ್ತದೆ. ಹಾಗಾದರೆ ನನ್ನ ನೆನಪು ಕನ್ನಡಿಯದೋ ಅವಳದೋ? ಎದುರಿನಿಂದಲೂ ನೋಡಿದ್ದೆನಲ್ಲ, ಇಪ್ಪತ್ತು ವರ್ಷ ಒಂದೇ ಮನೆಯಲ್ಲಿ ಉಂಡವರು. ನೆನಪಿಸಿಕೊಳ್ಳಲು ಹೋದಷ್ಟೂ ಮಚ್ಚೆ ಅತ್ತಿಂದಿತ್ತ ಹೋಯಿತು.

ಬಲಗೆನ್ನೆ ಒರೆಸಿಕೊಂಡೆ. ಎಡಕ್ಕೆ ಅವ್ವನೇ ಇಟ್ಟಳು. ಉಳಿದ ನಾಲ್ಕನ್ನೂ ಹಾಗೇ ತೆಗೆದೆ. ನನ್ನ ಮುಖವನ್ನು ನಾನು ಅಷ್ಟು ಹೊತ್ತು ಒಂದೇ ಸಮ ನೋಡಿದ್ದು ಅದೇ ಮೊದಲು. ಅಕ್ಕನಂತೆ ನೋಡಲು ಕಣ್ಣನ್ನು ತುಸು ಕಿರಿದು ಮಾಡಿದೆ, ತುಟಿ ಬಿಗಿದೆ. ಏಳನೆಯದರಲ್ಲಿ ದಣಿದು ಏನೂ ಮಾಡದೆ ಕೂತೆ.

ಸೀರೆ ಬಿಚ್ಚಿ ಮಡಚಿ ಕೊಟ್ಟಾಗ ಅವ್ವ ಅದನ್ನು ಟ್ರಂಕಿಗೆ ಹಾಕುವ ಮೊದಲು ನನ್ನ ತಲೆಯ ಸುತ್ತ ಉಪ್ಪು ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿದಳು. ನಾನು ಬೇಡವೆನ್ನಲಿಲ್ಲ.

ರೋಲನ್ನು ತೊಳೆಸಲು ಸ್ಟುಡಿಯೋಕ್ಕೆ ಹೋಗಲೇಬೇಕಿತ್ತು. ಅದರ ಮಾಲೀಕರು ವಯಸ್ಸಾದವರು, ನೆಗೆಟಿವ್ ಮೇಲೆ ಚೂಪು ಪೆನ್ಸಿಲಿನಿಂದ ಕೆಲಸ ಮಾಡುವುದರಲ್ಲಿ ಹೆಸರಾದವರು. ಸಣ್ಣ ಪ್ರತಿಗಳನ್ನು ಕೊಡುವಾಗ ಕನ್ನಡಕದ ಮೇಲಿನಿಂದ ನೋಡಿದರು.

"ಯಾರು ತೆಗದಾರ ಬೇಟಿ?"

"ನಾನೇ."

"ಕುಂತಾಕಿನೂ ನೀವೇ, ತೆಗದಾಕಿನೂ ನೀವೇ? ಮತ್ತ ನಾವ್ ಅಂಗಡಿ ಬಂದ್ ಮಾಡಿ ಎಲ್ಲಿ ಹೋಗಬೇಕ್ರಿ?"

ನಾನು ನಕ್ಕೆ, ವಿವರಿಸಲಿಲ್ಲ. ಮನೆಗೆ ತಂದ ಸಣ್ಣ ಪ್ರತಿಗಳಲ್ಲಿ ಅವ್ವ ಏಳನೆಯದನ್ನು ಬೆರಳಿನಿಂದ ಒತ್ತಿ, "ಇದ" ಎಂದಳು. ಮರುದಿನ ಅದರ ದೊಡ್ಡ ಪ್ರತಿಗೆ ಹೇಳಿ ಬಂದೆ. ಭಾವ ಬರುವ ರವಿವಾರದ ಹಿಂದಿನ ಸಂಜೆ ಅದು ಸಿಕ್ಕಿತು.

ಅಂಗಡಿಯಲ್ಲೇ ಲಕೋಟೆ ಬಿಚ್ಚಿ ನೋಡಿದೆ. ಕಂಬಳಿ ನಿಜಕ್ಕೂ ಸ್ಟುಡಿಯೋದ ಪರದೆಯಂತೆ ಬಂದಿತ್ತು. ಬೆಳಕು ಮೆತ್ತಗಿತ್ತು. ಕೆನ್ನೆ ನುಣ್ಣಗಿತ್ತು. ಮಚ್ಚೆ ಇರಲಿಲ್ಲ.

"ದಾಗ್ ತೆಗದುಬಿಟ್ಟೀನಿ" ಎಂದರು ಅವರು, ಮೆಚ್ಚುಗೆ ಕಾದವರಂತೆ. "ಹುಡುಗನ ಕಡಿಯೋರು ಮೊದಲು ಅದನ್ನೇ ನೋಡ್ತಾರ. ಚಂದ್ರನ ಮ್ಯಾಲ ದಾಗ್ ಇರಲಿ ಬೇಟಿ, ಫೋಟೋದಾಗ ಇರಬಾರದು. ಇದಕ್ಕ ನಾ ಬ್ಯಾರೆ ಏನೂ ತಗೊಳಂಗಿಲ್ಲ."

ನನ್ನ ವಯಸ್ಸಿನ ಹುಡುಗಿಯೊಬ್ಬಳು ಸಿಂಗರಿಸಿಕೊಂಡು ಒಂದೇ ಫೋಟೋದ ದೊಡ್ಡ ಪ್ರತಿ ಮಾಡಿಸಿದರೆ ಆ ಊರಲ್ಲಿ ಅದಕ್ಕೆ ಒಂದೇ ಅರ್ಥ. ಅಂಥ ಫೋಟೋದ ಕಲೆ, ಮಚ್ಚೆ, ಮೊಡವೆ ಎಲ್ಲವನ್ನೂ ಕೇಳದೆಯೇ ತೆಗೆಯುವುದು ಅವರ ಕೆಲಸದ ರೀತಿ. ತಪ್ಪು ಅವರದಲ್ಲ. ಮಚ್ಚೆ ಮತ್ತೆ ಬೇಕೆಂದು ಹೇಳಿದ್ದರೆ ಬೆಳಗಾಗುವಷ್ಟರಲ್ಲಿ ಏನಾದರೂ ಮಾಡಿಕೊಡುತ್ತಿದ್ದರೋ ಏನೋ. ಹೇಳಬೇಕಾದರೆ ಯಾಕೆಂದೂ ಹೇಳಬೇಕಿತ್ತು. ನನಗೆ ಬಾಯಿ ಬರಲಿಲ್ಲ. ಬರದೇ ಇದ್ದದ್ದಕ್ಕೆ ಒಳಗೊಳಗೇ ಸಮಾಧಾನವೂ ಆಗಿತ್ತು. ಅದನ್ನು ಇಲ್ಲಿ ಬರೆದಿಡುತ್ತೇನೆ.

ಅವ್ವ ಬಾಗಿಲಲ್ಲಿ ನಿಂತು ಬೆಳಕಿಗೆ ಹಿಡಿದು ನೋಡಿದಳು.

"ಇದು ನೀನು" ಎಂದಳು.

ನಡೆದದ್ದನ್ನು ಹೇಳಿದೆ. ಅವಳಿಗೆ ಸಿಟ್ಟು ಬರಲಿಲ್ಲ. "ಹೋಗ್ಲಿ, ಪೆನ್ನಿಲೆ ಒಂದು ಚುಕ್ಕಿ ಇಟ್ಟಬಿಡು" ಎಂದಳು. ನಾನು ಪೆನ್ನು ತಂದು ಮುಚ್ಚಳ ತೆಗೆದು, ಫೋಟೋವನ್ನು ಮಣೆಯ ಮೇಲಿಟ್ಟುಕೊಂಡು ಕೇಳಿದೆ.

"ಎಡಕ್ಕ ಅಲ್ಲೇನು?"

ನಾನು ತಲೆ ಎತ್ತಿದೆ. ಅವಳು ತನ್ನ ಎಡಗೆನ್ನೆ ಮುಟ್ಟಿಕೊಂಡಳು, ಆಮೇಲೆ ಬಲಗೆನ್ನೆ. ಎದುರಿಗೆ ಯಾರೋ ಕೂತಿರುವಂತೆ ಗಾಳಿಯಲ್ಲಿ ಕೈ ಚಾಚಿ, ಅಲ್ಲೇ ನಿಲ್ಲಿಸಿದಳು.

"ಅವತ್ತು ಎಡಕ್ಕ ಅಂದಿದ್ದೆ. ನೀ ಬಲಕ್ಕ ಅಂದಿ. ಆವತ್ತಿಂದ ನೋಡ್ಲಿಕತ್ತೀನಿ... ಗೊತ್ತಾಗವಲ್ದು ಯವ್ವಾ. ಹಡದಾಕಿ ನಾನು, ನನಗೇ ಗೊತ್ತಾಗವಲ್ದು."

ಪೆನ್ನಿನ ಮುಚ್ಚಳ ಹಾಕಿದೆ. ಅವಳ ಪಕ್ಕ ಹೋಗಿ ಕೂತೆ. ಬೇರೆ ಮಾಡುವುದೇನೂ ಇರಲಿಲ್ಲ.

ಭಾವ ಬೆಳಗಿನ ಬಸ್ಸಿಗೆ ಬಂದರು. ಮಗುವಿಗೆ ತಗಡಿನ ಗಿಲಕಿ, ಅವ್ವನಿಗೆ ಒಂದು ಸೀರೆ ತಂದಿದ್ದರು. ಮಗು ಅವರನ್ನು ಕಂಡು ನನ್ನ ಹಿಂದೆ ಅಡಗಿತು. ಅಪ್ಪ ಅದನ್ನು ಎತ್ತಿಕೊಂಡು, ಗಾಡಿ ತೋರಿಸಿಕೊಂಡು ಬರುತ್ತೇನೆಂದು ಹೊರಗೆ ಹೋದರು.

"ಕುಂದ್ರಿ" ಎಂದು ಅವ್ವ ಚಹಾ ಕೊಟ್ಟಳು. ಅವರು ಗುಟುಕು ತೆಗೆದುಕೊಳ್ಳುವ ಮೊದಲೇ ಕೇಳಿಬಿಟ್ಟಳು. "ಅಕಿ ಕೆನ್ನಿ ಮ್ಯಾಲ ಮಚ್ಚಿ ಇತ್ತಲ್ರಿ, ಯಾವ ಕಡಿ ಇತ್ತು?"

ಭಾವ ಬಟ್ಟಲು ಕೆಳಗಿಟ್ಟರು. ಹೇಳಲೆಂದು ಬಾಯಿ ತೆರೆದರು. ಅವರ ಕಿವಿ ಕೆಂಪಾದವು. ಪರೀಕ್ಷೆಯಲ್ಲಿ ಸುಲಭದ ಪ್ರಶ್ನೆಗೆ ಉತ್ತರ ಹೊಳೆಯದವರ ಹಾಗೆ ನೆಲ ನೋಡುತ್ತ ಕೂತರು.

"ಎರಡು ವರ್ಷ ನೋಡೀನ್ರಿ ಅತ್ತಿ" ಎಂದರು. "ಇತ್ತು ಅಂಬೋದು ಗೊತ್ತದ. ಇದೇ ಕಡಿ ಅಂತ ಆಣಿ ಮಾಡು ಅಂದ್ರ ಆಗಂಗಿಲ್ಲ."

ನಾನು ಲಕೋಟೆಯಿಂದ ಫೋಟೋ ತೆಗೆದು ಅವರ ಕೈಗೆ ಕೊಟ್ಟೆ. ಅವರು ಬಹಳ ಹೊತ್ತು ನೋಡಿದರು. ಸೀರೆಯನ್ನು ಗುರುತಿಸಿದರು, ಅದು ಗೊತ್ತಾಯಿತು, ಅಂಚಿನ ಮೇಲೆ ಬೆರಳಾಡಿಸಿದರು.

"ಕುಬಸದ ದಿನದ್ದೇನು? ತೆಗಿಸಿಲ್ಲ ಅಂದಿದ್ರಿ..."

ಅವ್ವ ನನ್ನತ್ತ ನೋಡಿದಳು. ಹೌದು ಎಂದರೆ ಮುಗಿಯುತ್ತಿತ್ತು. ಅವರು ನಂಬಲು ಸಿದ್ಧರಾಗಿದ್ದರು, ಬಹುಶಃ ನಂಬಿಯೇ ಇದ್ದರು. ಇನ್ನು ಹತ್ತು ವರ್ಷಕ್ಕೆ ಸೇಡಂನ ಒಂದು ಗೋಡೆಯ ಮೇಲಿನ ನನ್ನ ಮುಖವೇ ಅಕ್ಕನ ಮುಖವಾಗಿ, ನಮ್ಮಲ್ಲಿ ಅಲ್ಪಸ್ವಲ್ಪ ಉಳಿದದ್ದೂ ಅದರ ಕೆಳಗೆ ಸೇರಿಹೋಗುತ್ತಿತ್ತು.

"ಅಕ್ಕ ಅಲ್ಲ, ನಾನು" ಎಂದೆ. "ಅಕಿದು ಒಂದೂ ಇಲ್ಲಂತ ಮೊನ್ನೆ ಇಲ್ಲೇ ಕುಂತು ತೆಗೆದೀನಿ."

ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಭಾವ ಬೈಯಲಿಲ್ಲ, ನಗಲಿಲ್ಲ. ಫೋಟೋವನ್ನು ವಾಪಸು ಕೊಡಲೂ ಇಲ್ಲ.

"ಇರಲಿ, ಒಯ್ತೀನಿ" ಎಂದರು ಕೊನೆಗೆ. "ಚಿಗವ್ವ ಅಂತೇ ತೋರಸ್ತೀನಿ. ನಿಮ್ಮವ್ವ ಹಿಂಗೇ ಇದ್ದಳು, ಖರೆ ಅಕಿ ಅಲ್ಲ ಅಂತ ಹೇಳ್ತೀನಿ."

"ಹಾರ ಹಾಕಬ್ಯಾಡ್ರಿ ಮತ್ತ" ಎಂದಳು ಅವ್ವ ಗಾಬರಿಯಿಂದ. "ಬದುಕಿದಾಕಿದು ಅದು."

"ಹಾಕಂಗಿಲ್ರಿ." ಅವರು ಫೋಟೋವನ್ನು ಬೋರಲು ಮಾಡಿ ನನ್ನ ಮುಂದೆ ಇಟ್ಟರು. ಹಿಂಬದಿ ಬೆಳ್ಳಗೆ ಖಾಲಿಯಿತ್ತು. "ಇದರಾಗ ಇಲ್ಲದ್ದು ಹಿಂದ ಬರದು ಕೊಡು. ಓದಲಿಕ್ಕ ಬಂದಾಗ ಓದತದ."

ನಾನು ಪೆನ್ನು ತೆಗೆದುಕೊಂಡೆ. ಅಕ್ಷರ ಸಣ್ಣದಾಗಿಟ್ಟು ಶುರು ಮಾಡಿದೆ. ಇದು ನಿನ್ನ ತಾಯಿಯ ತಂಗಿ. ನಿನ್ನ ತಾಯಿ ಇವಳಿಗಿಂತ ಎರಡು ಬೆರಳು ಕುಳ್ಳಗೆ, ಸಣ್ಣಗೆ ಇದ್ದಳು. ಬೈತಲೆ ನಡುವೆ ತೆಗೆಯುತ್ತಿದ್ದಳು. ಕೆನ್ನೆಯ ಮೇಲೆ ಮಚ್ಚೆಯಿತ್ತು, ಯಾವ ಕೆನ್ನೆಯೆಂದು ನಮಗೆ ಖಚಿತವಿಲ್ಲ.

"ಅದ್ಯಾಕ ಬರೀತಿ? ನಮ್ಮ ಮರ್ಯಾದಿ ಹೋಗ್ತದ" ಎಂದಳು ಅವ್ವ.

"ಖರೇ ಅದಲ್ಲ."

"ಹಂಗಾದ್ರ ಇದೂ ಬರಿ. ನಗೂವಾಗ ಕೈ ಅಡ್ಡ ಹಿಡೀತಿದ್ಳು."

"ನನ್ನ ಮುಂದ ಹಿಡೀತಿರಲಿಲ್ಲ. ಬಾಯಿ ಬಿಟ್ಟು ನಗತಿದ್ಳು."

"ನನ್ನ ಮುಂದ ಹಿಡೀತಿದ್ಳು."

"ಎರಡೂ ಬರಿ" ಎಂದರು ಭಾವ.

ಎರಡನ್ನೂ ಬರೆದೆ. ರೊಟ್ಟಿ ಬಡಿಯುವಾಗ ಕಣ್ಣು ಮುಚ್ಚುತ್ತಿದ್ದದ್ದು, ಬೆಕ್ಕೆಂದರೆ ಹೆದರುತ್ತಿದ್ದದ್ದು, ಏಳನೆಯ ಇಯತ್ತೆಯಲ್ಲಿ ಶಾಲೆ ಬಿಡಿಸಿದಾಗ ಎರಡು ದಿನ ಉಣ್ಣದೆ ಇದ್ದದ್ದು. ಕೊನೆಯದನ್ನು ಹೇಳಿದ್ದೂ ಅವ್ವನೇ. ಹೇಳಿ ಎದ್ದು ಒಳಗೆ ಹೋದಳು. ಜಾಗ ಮುಗಿಯುತ್ತ ಬಂದಿತ್ತು. ಹೊರಗೆ ಅಪ್ಪ ಮಗುವಿಗೆ ರೈಲಿನ ಡಬ್ಬಿಗಳನ್ನು ಎಣಿಸಿ ಹೇಳುತ್ತ ಬರುವುದು ಕೇಳಿಸಿತು.

ಭಾವ ತಲೆ ಎತ್ತದೆ, ದನಿ ತಗ್ಗಿಸಿ ಹೇಳಿದರು. "ನಿದ್ದಿಯೊಳಗ ಮಾತಾಡ್ತಿದ್ಳು. ನಿಮ್ಮೆಲ್ಲಾರ ಹೆಸರು ಹಿಡದು, ಒಬ್ಬೊಬ್ಬರಿಗೇ ಊಟಕ್ಕ ಕರೀತಿದ್ಳು."

ಅದು ನಮಗೆ ಗೊತ್ತಿರಲಿಲ್ಲ. ಕೆಳಗೆ ಸಾಲು ಹಿಡಿಸಲಿಲ್ಲ. ಫೋಟೋವನ್ನು ಅಡ್ಡ ತಿರುಗಿಸಿ, ಅಂಚಿನುದ್ದಕ್ಕೂ ಬರೆದೆ.